ಏಜೆಂಟ್ ಕಳಿಸಿದ ಹೊಸ ಕರಾರಿನಾಗ ಏನ್ ಬದಲಾಗೇದ ಅಂತ ವರ್ಡ್‌ನಾಗ ನೋಡೋದು ಹೆಂಗ?

ನಿಮ್ಮ ಪ್ರಶ್ನೆ ಓದಿದೆ. ವಾಕಡ್‌ನಾಗ (ಪುಣೆ ಕಡೆ) ಬಾಡಿಗಿ ಮನಿ ನೋಡೀರಿ, ಲೀವ್ ಆಂಡ್ ಲೈಸೆನ್ಸ್ ಕರಾರಿನ, ಅಂದ್ರ ಇಲ್ಲಿಯ ಬಾಡಿಗಿ ಕರಾರಿನ, ವರ್ಡ್ ಫೈಲ್ ಹೋದ ವಾರ ಬಂದಿತ್ತು, ಓದಿ ಆತು ಅಂದ್ರಿ, ಈಗ ಏಜೆಂಟ್ ಇನ್ನೊಂದು ಫೈಲ್ ಕಳಿಸಿ "ತಾರೀಖು ಅಷ್ಟ ಬದಲ ಮಾಡೇವಿ, ನಾಡದು ಹೆಬ್ಬೆಟ್ಟು ಒತ್ತಲಿಕ್ಕೆ ಬರ್ರಿ" ಅಂದಾನ, ಒಂಬತ್ತು ಪುಟ ಮತ್ತ ಮೊದಲಿಂದ ಓದಬೇಕೇನು ಅಂತ ಕೇಳೀರಿ. ಓದೋದು ಬ್ಯಾಡ ಅಂತ ನಾ ಹೇಳಂಗಿಲ್ಲ, ಆದ್ರ ಎರಡೂ ಫೈಲಿನ ನಡುವೆ ಎಲ್ಲೆಲ್ಲಿ ಫರಕ್ ಅದ ಅನ್ನೋದನ್ನ ವರ್ಡೇ ತೋರಿಸ್ತದ, ಐದು ನಿಮಿಷದ ಕೆಲಸ.

ನಾ ಬೆಳಗಾವಿ ಕಡೆಯಾವ, ಪುಣೆಕ ಬಂದು 14 ವರ್ಷ ಆತು, ಐದು ಮನಿ ಬದಲ ಮಾಡೇನಿ. ಮೂರನೇ ಮನಿ ಹೊತ್ತಿನಾಗ ನನಗೂ ಹಿಂಗ "ತಾರೀಖು ಅಷ್ಟ" ಅಂತ ಎರಡನೇ ಫೈಲ್ ಬಂತು. ನಾ ತಾರೀಖು ನೋಡಿದೆ, ಬಾಡಿಗಿ ನೋಡಿದೆ, ಸಹಿ ಮಾಡಿದೆ. ಎಂಟನೇ ತಿಂಗಳಿಗೆ ಆಫೀಸು ಹಿಂಜವಡಿಗೆ ಹೋತು, ಮನಿ ಬಿಡ್ತೀವಿ ಅಂದಾಗ ಗೊತ್ತಾತು, ಮೊದಲಿನ ಫೈಲ್‌ನಾಗ 6 ತಿಂಗಳಿದ್ದ ಲಾಕ್-ಇನ್ (ಮನಿ ನಡುವೆ ಬಿಡಲಿಕ್ಕೆ ಬರದ ಮುದತು) ಎರಡನೇದ್ರಾಗ 11 ಆಗಿತ್ತು, ಜೊತಿಗೆ ಮನಿ ಬಿಡುವಾಗ ಪೇಂಟಿಂಗ್ ಖರ್ಚು ಡಿಪಾಜಿಟ್‌ನಾಗ ಹಿಡೀತೀವಿ ಅಂತ ಒಂದು ಸಾಲೂ ಸೇರಿತ್ತು. ಮೂರು ತಿಂಗಳ ಬಾಡಿಗಿ ಹೋತು, ಮಗಳ ಸಾಲಿ ಫೀ ಅಂತ ತೆಗೆದಿಟ್ಟ ಲೆಕ್ಕದಾಗ ಇದ್ದ ರೊಕ್ಕ ಅದು. ಆಮ್ಯಾಲ ಆಫೀಸಿನ ಲೀಗಲ್ ಕಡೆಯ ಒಬ್ರು ನನ್ನ ಮೇಲ್‌ನಾಗ ಬಿದ್ದಿದ್ದ ಎರಡೂ ಫೈಲ್ ತಗೊಂಡು ಕಂಪೇರ್ ಮಾಡಿ ತೋರಿಸಿದ್ರು, ಕೆಂಪಗ ಎದ್ದು ಕಾಣ್ತಿತ್ತು. ಅವತ್ತಿಂದ ಯಾವ ಕರಾರೇ ಆಗ್ಲಿ ಕಂಪೇರ್ ಮಾಡದ ಸಹಿ ಹಾಕೇ ಇಲ್ಲ.

ಮಾಡೋದು ಹಿಂಗ. ಎರಡೂ ಫೈಲ್ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳ್ರಿ, ಫೋನಿನ ವರ್ಡ್‌ನಾಗ ಇದು ಸಿಗಂಗಿಲ್ಲ. ವರ್ಡ್ ತೆಗೆದು ಮ್ಯಾಲ ರಿವ್ಯೂ ಅನ್ನೋ ಟ್ಯಾಬ್‌ಗೆ ಹೋಗ್ರಿ, ಅಲ್ಲಿ ಕಂಪೇರ್, ಅದರೊಳಗ ಮತ್ತ ಕಂಪೇರ್ ಒತ್ರಿ. ಪಕ್ಕದಾಗ ಕಂಬೈನ್ ಅಂತನೂ ಇರ್ತದ, ಅದು ಬ್ಯಾರೆ ಬ್ಯಾರೆ ಮಂದಿ ಮಾಡಿದ ತಿದ್ದುಪಡಿ ಕೂಡಸೋದು, ನಿಮಗ ಅದು ಬ್ಯಾಡ. ಒಂದು ಸಣ್ಣ ಕಿಟಕಿ ತೆಗೀತದ, ಒರಿಜಿನಲ್ ಅಂದಲ್ಲಿ ಹೋದ ವಾರದ ಫೈಲ್, ರಿವೈಸ್ಡ್ ಅಂದಲ್ಲಿ ಹೊಸದು. ಇದು ತಿರುಮುರುಗಾದ್ರ ಅವರು ಸೇರಿಸಿದ್ದು ತೆಗೆದಂಗ ಕಾಣ್ತದ, ತೆಗೆದದ್ದು ಸೇರಿಸಿದಂಗ ಕಾಣ್ತದ, ಅದಕ್ಕ ಇಲ್ಲಿ ಒಂದ್ಸಲ ಸರಿಯಾಗಿ ನೋಡ್ರಿ.

ಓಕೆ ಒತ್ತೋಕಿಂತ ಮೊದಲ ಮೋರ್ ಅಂತ ಒಂದು ಬಟನ್ ಅದ, ಅದನ್ನ ಬಿಚ್ರಿ. ಫಾರ್ಮ್ಯಾಟಿಂಗ್ ಮುಂದಿನ ಟಿಕ್ ತೆಗೀರಿ, ಯಾಕಂದ್ರ ಏಜೆಂಟ್ ಫಾಂಟ್ ಬದಲ ಮಾಡಿದ್ರ ಅದರ ಗುರುತುಗಳೇ ಪುಟ ತುಂಬ ಬಂದು ನಿಮಗ ಬೇಕಾದ್ದು ಅದರಾಗ ಮುಳುಗಿ ಹೋಗ್ತದ. ವೈಟ್ ಸ್ಪೇಸ್‌ದೂ ತೆಗೀಬಹುದು. ಆದ್ರ ಟೇಬಲ್ಸ್, ಹೆಡರ್, ಫುಟರ್, ಫುಟ್‌ನೋಟ್, ಟೆಕ್ಸ್ಟ್‌ಬಾಕ್ಸ್ ಇವನ್ನ ಹಂಗ ಬಿಡ್ರಿ, ಡಿಪಾಜಿಟ್ ಬಾಡಿಗಿ ಲೆಕ್ಕ ಎಷ್ಟೋ ಸಲ ಟೇಬಲ್‌ನಾಗ ಇರ್ತದ. ಕೆಳಗ ವರ್ಡ್ ಲೆವೆಲ್ (ಅಂದ್ರ ಶಬ್ದದ ಲೆಕ್ಕದಾಗ ಫರಕ್ ತೋರಿಸೋದು) ಇರಲಿ, ನ್ಯೂ ಡಾಕ್ಯುಮೆಂಟ್ ಅಂತ ಇರಲಿ. ನಿಮ್ಮ ಎರಡೂ ಮೂಲ ಫೈಲಿಗೆ ಏನೂ ಆಗಂಗಿಲ್ಲ, ಮೂರನೇದೊಂದು ಹುಟ್ಟತದ, ಎಡಕ್ಕ ಬದಲಾವಣೆಗಳ ಪಟ್ಟಿ, ನಡುವೆ ಕೂಡಿಸಿದ್ದು, ಬಲಕ್ಕ ಮ್ಯಾಲ ಹಳೇದು ಕೆಳಗ ಹೊಸದು. ಎಡಗಡೆ ಪಟ್ಟಿ ಹಿಡಕೊಂಡು ಒಂದೊಂದೇ ಒತ್ತಿಕೋತ ಹೋಗ್ರಿ, ನಡುವಿನ ಪುಟ ಸುಮ್ನ ಮ್ಯಾಲ ಕೆಳಗ ಜಗ್ಗಿ ನೋಡಿದ್ರ 6 ಹೋಗಿ 11 ಆಗಿದ್ದು ಕಣ್ಣಿಗೆ ಬೀಳಂಗಿಲ್ಲ.

ಇನ್ನೊಂದು ಮಾತು, ಇದನ್ನ ಭಾಳ ಮಂದಿ ತಪ್ಪು ತಿಳಕೊಂಡಾರ. "ಅವರು ಟ್ರ್ಯಾಕ್ ಚೇಂಜಸ್ ಹಾಕೇ ಕಳಿಸ್ಯಾರ, ಬದಲಾದದ್ದು ಕಾಣ್ತದ" ಅಂತಾರ. ಟ್ರ್ಯಾಕ್ ಚೇಂಜಸ್ ಅಂದ್ರ ತಿದ್ದಿದ್ದಕ್ಕೆಲ್ಲಾ ಗುರುತು ಹಾಕೋ ವರ್ಡಿನ ಸೌಲಭ್ಯ, ಅದು ಚಾಲೂ ಇದ್ದಾಗ ಮಾಡಿದ್ದನ್ನ ಅಷ್ಟ ಬರಕೋತದ, ಬಂದ್ ಮಾಡಿ ತಿದ್ದಿ ಮತ್ತ ಚಾಲೂ ಮಾಡಿದ್ರ ಆ ತಿದ್ದಿದ್ದರ ಗುರುತೇ ಇರಂಗಿಲ್ಲ. ಕಂಪೇರ್ ಹಂಗಲ್ಲ, ಯಾರು ಯಾವಾಗ ತಿದ್ದಿದ್ರು ಅಂತ ಕೇಳಂಗಿಲ್ಲ, ಎರಡು ಫೈಲಿನ ಅಕ್ಷರ ಎದುರುಬದುರು ಇಟ್ಟು ನೋಡ್ತದ. ಅದಕ್ಕ ಅವರ ಕಡೆಯಿಂದ ಬಂದ ಕೆಂಪು ಗೆರಿ ನಂಬಬ್ಯಾಡ್ರಿ, ನಿಮ್ಮ ಹತ್ರ ಇರೋ ಮೊದಲಿನ ಪ್ರತಿ ನಂಬ್ರಿ. ಫೈಲ್‌ನಾಗ ಟ್ರ್ಯಾಕ್ ಮಾಡಿದ್ದು ಉಳಿದಿದ್ರ ವರ್ಡ್ ಅವನ್ನೆಲ್ಲಾ ಒಪ್ಪಿದಂಗ ಹಿಡೀತೀನಿ ಅಂತ ಕೇಳ್ತದ, ಯೆಸ್ ಅನ್ರಿ.

ಕಲಂ ನಂಬರ್ ಬಗ್ಗೆನೂ ಹುಷಾರ್. ನಂಬರ್ ತಾನಾಗೇ ಬೀಳೋ ಹಂಗ ಮಾಡಿದ್ರ ನಡುವೆ ಒಂದು ಕಲಂ ತೆಗೆದಾಗ 12 ಇದ್ದದ್ದು 11 ಆಗ್ತದ, ಈ ಸರದಾಟ ಪಟ್ಟಿಯೊಳಗ ಬರಂಗಿಲ್ಲ, ಯಾಕಂದ್ರ ಅದು ಟೈಪ್ ಮಾಡಿದ ಅಕ್ಷರ ಅಲ್ಲ. ಆದ್ರ ಬ್ಯಾರೆ ಕಡೆ "ಕಲಂ 12ರ ಪ್ರಕಾರ" ಅಂತ ಕೈಯಿಂದ ಬರೆದದ್ದು ಹಂಗೇ ಉಳೀತದ, ಈಗ ಅದು ಇನ್ಯಾವುದೋ ಕಲಂ ತೋರಿಸ್ತಿರ್ತದ. ಯಾವುದಾದ್ರೂ ಕಲಂ ಪೂರ್ತಿ ಹೋಗಿದ್ದು ಕಂಡ್ರ ಅಂಥ ಮಾತೆಲ್ಲಾ ಹುಡುಕಿ ನೋಡ್ರಿ.

ವರ್ಡ್ ಇಲ್ಲಂದ್ರ ಲಿಬ್ರೆ ಆಫೀಸ್ ಫುಕಟ್ ಸಿಗ್ತದ, ಹೊಸ ಫೈಲ್ ತೆಗೆದು ಎಡಿಟ್‌ನಾಗ ಟ್ರ್ಯಾಕ್ ಚೇಂಜಸ್, ಅಲ್ಲಿ ಕಂಪೇರ್ ಡಾಕ್ಯುಮೆಂಟ್ ಒತ್ತಿ ಹಳೇ ಫೈಲ್ ಆರಿಸ್ರಿ. ಗೂಗಲ್ ಡಾಕ್ಸ್‌ನಾಗ ಟೂಲ್ಸ್ ಒಳಗ ಅದ. ಕನ್ನಡ ಫೈಲ್ ಹೋಲಿಸೋರಿಗೂ ಒಂದು ಮಾತು ಹೇಳಿಬಿಡ್ತೀನಿ, ಒಂದು ಹಳೇ ನುಡಿ ಫಾಂಟ್‌ನಾಗ ಇನ್ನೊಂದು ಯೂನಿಕೋಡ್‌ನಾಗ ಇದ್ರ ಪೂರ್ತಿ ಪುಟ ಕೆಂಪಾಗ್ತದ, ಮೊದಲ ಎರಡನ್ನೂ ಯೂನಿಕೋಡ್‌ಗೆ ತರ್ರಿ, ಮತ್ತ ಕ್ಯಾರೆಕ್ಟರ್ ಲೆವೆಲ್ ಹಾಕಬ್ಯಾಡ್ರಿ, ಒತ್ತಕ್ಷರ ಒಡೆದು ಓದಲಿಕ್ಕೆ ಬರಂಗಿಲ್ಲ.

ಈಗ ಮಹಾರಾಷ್ಟ್ರದ ಮಾತು. ಇಲ್ಲಿ 1999ರ ಬಾಡಿಗಿ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಈ ಕರಾರು ಬರವಣಿಗೆಯಲ್ಲೇ ಇರಬೇಕು, ರಿಜಿಸ್ಟರೂ ಆಗಬೇಕು, ಮಾಡಿಸೋ ಜವಾಬ್ದಾರಿ ಮಾಲೀಕರದು. ಆನ್‌ಲೈನ್ ರಿಜಿಸ್ಟ್ರೇಷನ್ ಮಾಡಿದ್ರ ಏಜೆಂಟ್ ವಿವರ ಎಲ್ಲಾ ಸರ್ಕಾರಿ ಸೈಟ್‌ನಾಗ ತುಂಬ್ತಾನ, ಅಲ್ಲಿಂದ ಪಿಡಿಎಫ್ ಡ್ರಾಫ್ಟ್ ಬರ್ತದ, ನೀವು ಹೆಬ್ಬೆಟ್ಟು ಒತ್ತೋದು ಅದಕ್ಕ, ವರ್ಡ್ ಫೈಲಿಗೆ ಅಲ್ಲ. ಹಿಂಗಾಗಿ ಆ ಪಿಡಿಎಫ್ ಒಂದು ದಿನ ಮೊದಲೇ ಕಳಸ್ರಿ ಅಂತ ಕೇಳ್ರಿ. 2013ರ ವರ್ಡ್ ಮತ್ತ ಆಮೇಲಿನವು ಪಿಡಿಎಫ್ ತೆಗೀತಾವ, ಅದನ್ನ ವರ್ಡ್ ಫೈಲ್ ಮಾಡಿ ಸೇವ್ ಮಾಡಿ ಹಿಂಗೇ ಕಂಪೇರ್ ಮಾಡ್ರಿ, ಸಾಲು ಅಲ್ಲಲ್ಲಿ ಒಡೀತಾವ, ಇಲ್ಲದ ಫರಕ್ ನಾಲ್ಕೈದು ತೋರಿಸಬಹುದು, ಆದ್ರ ಬಾಡಿಗಿ, ಡಿಪಾಜಿಟ್, ಲಾಕ್-ಇನ್, ನೋಟಿಸ್ ಪೀರಿಯಡ್ ತಾಳೆ ನೋಡ್ಲಿಕ್ಕೆ ಸಾಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಇದ್ರ ಕೂತು ಕಣ್ಣಿಂದನ ಓದ್ರಿ.

ಫರಕ್ ಏನಾದ್ರೂ ಕಂಡ್ರ ಫೋನ್‌ನಾಗ ಜಗಳ ಬ್ಯಾಡ. ಕಂಪೇರ್ ಮಾಡಿದ ಫೈಲ್ ಸೇವ್ ಮಾಡಿ ಏಜೆಂಟ್‌ಗೂ ಮಾಲೀಕರಿಗೂ ಒಂದೇ ಮೇಲ್‌ನಾಗ ಹಾಕ್ರಿ, "ಇದು ನಾವು ಮಾತಾಡಿದ್ದಲ್ಲ, ಮೊದಲಿನಂಗ ಮಾಡಿ ಕಳಸ್ರಿ" ಅಂತ ಬರೀರಿ. ತಿದ್ದಿದ ಫೈಲ್ ಬಂದ ಮ್ಯಾಲ ಅದನ್ನೂ ಹೋದ ವಾರದ ಮೊದಲಿನ ಫೈಲ್ ಜೊತಿಗೇ ಕಂಪೇರ್ ಮಾಡ್ರಿ, ನಿನ್ನೆಯ ಎರಡನೇದರ ಜೊತಿಗೆ ಅಲ್ಲ.