ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾಯವಾದ 19 ಪುಟಗಳು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಮನೆತನದ ಚರಿತ್ರೆಯನ್ನು ಎರಡು ವರ್ಷಗಳಿಂದ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬರೆಯುತ್ತಿದ್ದೇನೆ. ಕಳೆದ ವಾರ ನಾಲ್ಕು ದಿನ ಕಂಪ್ಯೂಟರ್ ಆರಿಸದೆ, ಸೇವ್ ಮಾಡುವುದನ್ನೂ ಮರೆತು ಬರೆದೆ. ಐದನೆಯ ದಿನ ಗಾಳಿಮಳೆಗೆ ಕರೆಂಟು ಹೋಯಿತು. ಮತ್ತೆ ವರ್ಡ್ ತೆರೆದಾಗ ಎಡಬದಿಯಲ್ಲಿ ಒಂದು ಪಟ್ಟಿ ಕಾಣಿಸಿತು. ಜಾಹೀರಾತೆಂದು ಭಾವಿಸಿ ಮುಚ್ಚಿದೆ. ಆಗ ಏನೋ ಪ್ರಶ್ನೆ ಕೇಳಿತು, ಏನನ್ನೋ ಒತ್ತಿದೆ. ಈಗ 60 ಪುಟಗಳಿದ್ದ ಕಡತದಲ್ಲಿ 41 ಪುಟಗಳಷ್ಟೇ ಇವೆ. ಉಳಿದವು ಸಿಕ್ಕಾವೇ?
– ಮಲೆನಾಡಿನ ಓದುಗರೊಬ್ಬರು

ಉತ್ತರ: ನೀವು ಏನನ್ನು ಒತ್ತಿದಿರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಜಾಹೀರಾತೆಂದು ನೀವು ಬಗೆದದ್ದು, ಕರೆಂಟು ಹೋಗುವ ಮುನ್ನ ವರ್ಡ್ ತಾನಾಗಿಯೇ ಎತ್ತಿಟ್ಟುಕೊಂಡಿದ್ದ ಪ್ರತಿಗಳ ಪಟ್ಟಿ. ಅದನ್ನು ಮುಚ್ಚುವಾಗ, ಈ ಪ್ರತಿಗಳನ್ನು ಮುಂದೆ ನೋಡುವಿರೋ ಅಥವಾ ತೆಗೆದುಹಾಕಬೇಕೋ ಎಂದು ಅದು ಕೇಳುತ್ತದೆ. ಮುಂದೆ ನೋಡುವೆನೆಂದು ಒತ್ತಿದ್ದರೆ ವರ್ಡನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದಾಗ ಆ ಪಟ್ಟಿ ಸಾಮಾನ್ಯವಾಗಿ ಪುನಃ ಬರುತ್ತದೆ. ಬಾರದಿದ್ದರೂ ಹುಡುಕುವುದಕ್ಕೆ ಇನ್ನೂ ಜಾಗಗಳಿವೆ.

ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. 41 ಪುಟಗಳ ಆ ಕಡತದಲ್ಲಿ ಸದ್ಯಕ್ಕೆ ಒಂದಕ್ಷರವನ್ನೂ ಸೇರಿಸದೆ, ಅದರ ಪ್ರತಿಯೊಂದನ್ನು ಪೆನ್ ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಕಳೆದದ್ದನ್ನು ನೆನಪಿನಿಂದಲೇ ಬರೆದುಬಿಡೋಣ ಎಂದು ಕೂರುವವರೇ ಹಲವು ವೇಳೆ ಸಿಗಬಹುದಾದದ್ದನ್ನೂ ಕಳೆದುಕೊಳ್ಳುತ್ತಾರೆ. ಈ ಅಂಕಣದ ಒಂದು ಕಂತನ್ನು ನಾನು ಹಾಗೆಯೇ ಎರಡು ಸಲ ಬರೆದವನು. ಮೊದಲನೆಯದೇ ಚೆನ್ನಾಗಿತ್ತೆಂದು ಇಂದಿಗೂ ಅನಿಸುತ್ತದೆ.

ವರ್ಡ್, ನಾವು ಬದಲಿಸದಿದ್ದರೆ, 10 ನಿಮಿಷಕ್ಕೊಮ್ಮೆ ತೆರೆದ ಬರಹದ ಪ್ರತಿಯೊಂದನ್ನು ‘ಆಟೋರಿಕವರ್’ ಹೆಸರಿನಲ್ಲಿ ಬರೆದಿಡುತ್ತದೆ. ಆ ಪ್ರತಿಯ ಹೆಸರಿನ ಕೊನೆಗೆ ‘ಡಾಕ್ಸ್’ ಎಂಬ ಬಾಲ ಇರುವುದಿಲ್ಲ, ‘ಎಎಸ್‌ಡಿ’ ಎಂದಿರುತ್ತದೆ. ಅದು ಕೂರುವ ಫೋಲ್ಡರನ್ನು ವಿಂಡೋಸ್ ಮರೆಮಾಡಿ ಇಟ್ಟಿರುತ್ತದೆ. ಅಲ್ಲಿಗೆ ಹೋಗಲು ಸುಲಭದ ದಾರಿಯೆಂದರೆ, ಕೀಲಿಮಣೆಯಲ್ಲಿ ವಿಂಡೋಸ್ ಕೀಲಿಯನ್ನೂ ‘ಆರ್’ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬರುವ ಸಣ್ಣ ಚೌಕದಲ್ಲಿ ‘ಆಪ್‌ಡೇಟಾ’ ಎಂಬ ಪದವನ್ನು ಇಂಗ್ಲಿಷ್‌ನಲ್ಲಿ, ಹಿಂದೆ ಮುಂದೆ ಒಂದೊಂದು ಶೇಕಡಾ ಚಿಹ್ನೆಯೊಡನೆ ಬರೆದು ಎಂಟರ್ ಒತ್ತುವುದು. ತೆರೆದುಕೊಳ್ಳುವ ಫೋಲ್ಡರಿನಲ್ಲಿ ‘ಮೈಕ್ರೋಸಾಫ್ಟ್’, ಅದರೊಳಗೆ ‘ವರ್ಡ್’. ಕರೆಂಟು ಹೋದ ದಿನದ ತಾರೀಖು ಹೊತ್ತ ಎಎಸ್‌ಡಿ ಕಡತವಿದ್ದರೆ ಅದನ್ನು ಅಲ್ಲಿಯೇ ತೆರೆಯಬೇಡಿ. ವರ್ಡ್ ತನ್ನ ಕೆಲಸ ಮುಗಿಯಿತೆಂದು ಬಗೆದು ಅಂಥ ಕಡತಗಳನ್ನು ತಾನೇ ಅಳಿಸುವುದುಂಟು. ಆದ್ದರಿಂದ ಮೊದಲು ಬೇರೆಡೆಗೆ ನಕಲು ಮಾಡಿ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬಹುಶಃ ತೆರೆಯದು. ವರ್ಡ್‌ನ ‘ಓಪನ್’ ಮೂಲಕ ಹೋಗಿ, ‘ಆಲ್ ಫೈಲ್ಸ್’ ಎಂದು ಆರಿಸಿ ತೆರೆದು, ಹೊಸ ಹೆಸರಿನಲ್ಲಿ ಸೇವ್ ಮಾಡಬೇಕು.

ನಿಮ್ಮ ಮೂಲ ಕಡತವಿರುವ ಫೋಲ್ಡರಿನಲ್ಲಿ, ಮರೆಯಾದ ಕಡತಗಳೂ ಕಾಣುವಂತೆ ಮಾಡಿಕೊಂಡರೆ, ಹೆಸರಿನ ಮೊದಲಿಗೆ ಅಲೆಯಂಥ ಗೆರೆಯೂ ಡಾಲರ್ ಚಿಹ್ನೆಯೂ ಇರುವ ಕಡತವೊಂದು ಕಂಡೀತು. ಅದನ್ನು ನೋಡಿ ಹಿಗ್ಗಬೇಡಿ. ಕಡತವನ್ನು ಯಾರು ತೆರೆದಿದ್ದಾರೆ ಎಂಬುದನ್ನಷ್ಟೇ ಗುರುತಿಟ್ಟುಕೊಳ್ಳುವ ಚೀಟಿಯದು. ಗಾತ್ರ ಒಂದು ಕೆಬಿಯೂ ಇರುವುದಿಲ್ಲ, ಬರಹ ಅದರಲ್ಲಿಲ್ಲ.

ಕರೆಂಟಿನ ತಂಟೆಯಿಲ್ಲದೆ, ‘ಸೇವ್ ಮಾಡಬೇಡ’ ಎಂಬುದನ್ನು ತಪ್ಪಿ ಒತ್ತಿದವರ ದಾರಿ ಬೇರೆ. ಒಮ್ಮೆಯೂ ಸೇವ್ ಆಗದ ಹೊಸ ಬರಹವಾದರೆ, ‘ಫೈಲ್’ನೊಳಗಿನ ‘ಇನ್ಫೋ’ದಲ್ಲಿ ‘ಮ್ಯಾನೇಜ್ ಡಾಕ್ಯುಮೆಂಟ್’ ಎಂಬಲ್ಲಿ, ಸೇವ್ ಆಗದ ಬರಹಗಳನ್ನು ಮರಳಿ ಪಡೆಯುವ ಆಯ್ಕೆಯಿದೆ. ವರ್ಡ್ ಇವನ್ನು ನಾಲ್ಕು ದಿನ ಮಾತ್ರ ಇಟ್ಟುಕೊಳ್ಳುವುದರಿಂದ ವಾರಾಂತ್ಯಕ್ಕೆ ಊರಿನಿಂದ ಬರುವ ಮಗನಿಗಾಗಿ ಕಾಯುವಂತಿಲ್ಲ. ಇನ್ನು ಬರಹವನ್ನೆಲ್ಲ ಅಕಸ್ಮಾತ್ ಅಳಿಸಿ ಸೇವ್ ಕೂಡ ಮಾಡಿಬಿಟ್ಟವರು, ಕಡತವನ್ನು ಇನ್ನೂ ಮುಚ್ಚಿರದಿದ್ದರೆ, ಕಂಟ್ರೋಲ್ ಜೊತೆಗೆ ‘ಝಡ್’ ಒತ್ತಿದರೆ ಸಾಕು. ಸೇವ್ ಆದಮೇಲೂ ಅದು ಹಿಂದಕ್ಕೆ ಹೋಗುತ್ತದೆ.

ನಿಮ್ಮ 19 ಪುಟಗಳು ಸಿಕ್ಕರೂ ಕೊನೆಯ ಒಂದೆರಡು ಪ್ಯಾರಾ ಕಡಿಮೆಯಿದ್ದಾವು. ಕೊನೆಯ ಪ್ರತಿಗೂ ಕರೆಂಟು ಹೋದ ಗಳಿಗೆಗೂ ನಡುವೆ ಬರೆದದ್ದು ಎಲ್ಲಿಯೂ ದಾಖಲಾಗಿರುವುದಿಲ್ಲ. ವರ್ಡ್‌ನ ಆಯ್ಕೆಗಳಲ್ಲಿ 10 ನಿಮಿಷವನ್ನು 2ಕ್ಕೆ ಇಳಿಸಿ. ಮಲೆನಾಡಿನ ಮಳೆಗಾಲಕ್ಕೆ ಸಣ್ಣ ಯುಪಿಎಸ್ ಒಂದು ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಪೆನ್ ಡ್ರೈವ್‌ನಲ್ಲಿದ್ದ ನನ್ನ ಪ್ರಬಂಧದ ಅಧ್ಯಾಯವನ್ನು ತಪ್ಪಿ ಅಳಿಸಿದೆ. ರೀಸೈಕಲ್ ಬಿನ್‌ನಲ್ಲಿ ಇಲ್ಲ.
– ಧಾರವಾಡದ ಸಂಶೋಧನಾ ವಿದ್ಯಾರ್ಥಿ

ಉತ್ತರ: ಪೆನ್ ಡ್ರೈವ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದೇ ಇಲ್ಲ. ಆದರೆ ಅಳಿಸುವುದೆಂದರೆ ಪಹಣಿಯಿಂದ ಹೆಸರು ತೆಗೆದಂತೆ. ಹೊಲ ಇದ್ದಲ್ಲೇ ಇರುತ್ತದೆ, ಬೇರೆಯವರು ಬಂದು ಉಳುವ ತನಕ. ಆದ್ದರಿಂದ ಆ ಪೆನ್ ಡ್ರೈವ್‌ಗೆ ಹೊಸದೇನನ್ನೂ ಹಾಕದೆ ಈಗಲೇ ತೆಗೆದಿಡಿ. ಮೈಕ್ರೋಸಾಫ್ಟ್ 2020ರಲ್ಲಿ ‘ವಿಂಡೋಸ್ ಫೈಲ್ ರಿಕವರಿ’ ಎಂಬ ಉಚಿತ ಸಾಧನವನ್ನು ಕೊಟ್ಟಿದೆ. ಆದರೆ ಅದು ಆಜ್ಞೆಗಳನ್ನು ಟೈಪಿಸಿ ನಡೆಸುವಂಥದ್ದು. ಅದು ಕಷ್ಟವೆನಿಸಿದರೆ ‘ರೆಕುವಾ’ ಎಂಬ ತಂತ್ರಾಂಶವನ್ನು ಬಳಸಬಹುದು. ಸಿಕ್ಕ ಕಡತವನ್ನು ಅದೇ ಪೆನ್ ಡ್ರೈವ್‌ಗೆ ಎಂದೂ ಉಳಿಸಬಾರದು, ಕಂಪ್ಯೂಟರ್‌ಗೆ ಉಳಿಸಬೇಕು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನದಿಂದ ಅಳಿಸಿದ್ದಾಗಿದ್ದರೆ ನಾನು ಇಷ್ಟು ಭರವಸೆ ಕೊಡುತ್ತಿರಲಿಲ್ಲ, ಏಕೆಂದರೆ ತೆರವಾದ ಜಾಗವನ್ನು ಅದು ತಾನಾಗಿಯೇ ಬೇಗ ಶುಚಿ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಕೆಟ್ಟುಹೋಗಿದ್ದ ಕನ್ನಡ ಕಡತವನ್ನು ವರ್ಡ್‌ನ ದುರಸ್ತಿ ಸೌಲಭ್ಯದಿಂದ ತೆರೆದೆ. ಪುಟಗಳೆಲ್ಲ ಬಂದಿವೆ, ಆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿವೆ. ಎಸೆಯುವುದೇ?
– ಮೈಸೂರಿನ ಡಿಟಿಪಿ ಕೆಲಸಗಾರರು

ಉತ್ತರ: ದಯವಿಟ್ಟು ಎಸೆಯಬೇಡಿ, ಅದು ಕೆಟ್ಟಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ನಾವು ಬರೆದ ಕನ್ನಡವನ್ನು ಕಂಪ್ಯೂಟರ್ ಇಂಗ್ಲಿಷ್ ಸಂಕೇತಗಳಾಗಿಯೇ ಉಳಿಸುತ್ತದೆ; ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ದುರಸ್ತಿಯಲ್ಲಿ ಅಕ್ಷರಗಳು ಉಳಿದು ಫಾಂಟಿನ ಹೆಸರು ಬಿದ್ದುಹೋಗಿರುತ್ತದೆ. ನಿಮ್ಮ ಪುಟದಲ್ಲಿ ತಲೆಯ ಮೇಲೆ ಓರೆಗೀಟು ಇರುವ ದೊಡ್ಡ ‘ಎ’ ಅಕ್ಷರ ಸಾಲುಸಾಲಿಗೂ ಕಾಣುತ್ತಿದ್ದರೆ, ಅದು ತಲೆಕಟ್ಟು. ದೊಡ್ಡ ‘ಪಿ’ ಅಕ್ಷರ, ಈ ‘ಎ’, ಬಳಿಕ ಇಂಗ್ಲೆಂಡಿನ ಪೌಂಡ್ ಹಣದ ಚಿಹ್ನೆ ಒಂದರ ಹಿಂದೊಂದು ಬಂದಿದ್ದರೆ, ಅಲ್ಲಿ ‘ಕನ್ನಡ’ ಎಂಬ ಪದವೇ ಇದ್ದೀತು. ಪೂರ್ತಿ ಬರಹವನ್ನು ಆಯ್ದು, ಮೊದಲು ಬಳಸಿದ್ದ ನುಡಿ ಫಾಂಟನ್ನು ಕೊಡಿ; ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳು ಆಗ ಅರ್ಥವಿಲ್ಲದ ಕನ್ನಡವಾಗುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕಾದೀತು. ವಿಂಡೋಸ್‌ನ ಹುಡುಕುವ ಚೌಕದಲ್ಲಿ ಯುನಿಕೋಡ್‌ನಲ್ಲಿ, ಅಂದರೆ ಕನ್ನಡಕ್ಕೆ ಅದರದೇ ಸಂಕೇತಗಳಿರುವ ಈಗಿನ ಪದ್ಧತಿಯಲ್ಲಿ, ಕನ್ನಡ ಪದ ಬರೆದರೆ ಇಂಥ ಕಡತಗಳು ಸಿಗದಿರುವುದಕ್ಕೂ ಇದೇ ಕಾರಣ. ಅವನ್ನು ಹೆಸರಿನಿಂದಲೋ ತಾರೀಖಿನಿಂದಲೋ ಹುಡುಕಿ, ಸಿಕ್ಕಿದ ಮೇಲೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.