ಪತ್ರಾಗಾರದಲ್ಲಿ ದಾಖಲೆಗಳನ್ನು ಗ್ರಂಥಾಲಯದ ಹಾಗೆ ವಿಷಯವಾರು ಯಾಕೆ ಜೋಡಿಸುವುದಿಲ್ಲ?

ಪುಸ್ತಕ ಒಂದೇ ಇದ್ದರೂ ಓದಿದರೆ ಅರ್ಥವಾಗುತ್ತದೆ. ದಾಖಲೆ ಹಾಗಲ್ಲ. ಅದರ ಅರ್ಧ ಅರ್ಥ ಅಕ್ಕಪಕ್ಕದ ಕಾಗದಗಳಲ್ಲೇ ಇರುತ್ತದೆ.

ಯಾವುದೋ ಸಂಘದ ಫೈಲ್ ಅಂದುಕೊಳ್ಳಿ. ಸಭೆಯ ನಡಾವಳಿ, ಅದರ ಹಿಂದೆ ಸದಸ್ಯರೊಬ್ಬರ ತಕರಾರು ಪತ್ರ, ನಡಾವಳಿಯ ಅಂಚಿನಲ್ಲಿ ಕಾರ್ಯದರ್ಶಿ ಪೆನ್ಸಿಲ್‌ನಲ್ಲಿ ಗೀಚಿದ ‘ಸದ್ಯ ಬೇಡ’. ಆ ಪತ್ರವನ್ನು ಎತ್ತಿ ‘ಹಣಕಾಸು’ ಅಂತ ಬೇರೆ ಪೆಟ್ಟಿಗೆಗೆ ಹಾಕಿದರೆ, ಬೇಡ ಅಂದದ್ದು ಯಾವುದನ್ನು ಅಂತಲೇ ತಿಳಿಯುವುದಿಲ್ಲ.

ಅದಕ್ಕೇ ಎರಡು ನಿಯಮ. ಒಬ್ಬರ ದಾಖಲೆಗೆ ಇನ್ನೊಬ್ಬರದನ್ನು ಬೆರೆಸಬಾರದು. ಅವರು ಇಟ್ಟುಕೊಂಡಿದ್ದ ಕ್ರಮವನ್ನು ಕೆಡಿಸಬಾರದು. ಮೊದಲನೆಯದನ್ನು ಫ್ರಾನ್ಸ್ ಸರ್ಕಾರ 1841ರ ಸುತ್ತೋಲೆಯಲ್ಲೇ ಹೇಳಿತ್ತು, ಆದರೆ ಒಬ್ಬೊಬ್ಬರ ಸಂಗ್ರಹದ ಒಳಗೆ ವಿಷಯವಾರು ಜೋಡಿಸಿ ಅಂದಿತ್ತು! 1898ರಲ್ಲಿ ಮೂವರು ಡಚ್ ಪತ್ರಾಗಾರ ತಜ್ಞರು ಬರೆದ ಕೈಪಿಡಿ ಎರಡನ್ನೂ ಗಟ್ಟಿ ಮಾಡಿತು.

ವ್ಯಕ್ತಿಗಳ ಸಂಗ್ರಹದಲ್ಲಿ ತಲೆನೋವು ಜಾಸ್ತಿ. ಚೀಲದಲ್ಲಿ ತುರುಕಿಕೊಂಡು ಬಂದದ್ದಕ್ಕೆ ಕ್ರಮ ಎಲ್ಲಿಂದ ಬರಬೇಕು? ಆಗ ಸಿಬ್ಬಂದಿಯೇ ಪತ್ರ, ದಿನಚರಿ, ಕರಡು ಅಂತ ವಿಂಗಡಿಸುತ್ತಾರೆ. ಹಾಗೆ ಮಾಡಿದ್ದನ್ನು ಬರೆದಿಡಲೇಬೇಕು, ಇಲ್ಲದಿದ್ದರೆ ಓದುಗರು ಅದೇ ಮೂಲ ಕ್ರಮ ಅಂದುಕೊಳ್ಳುತ್ತಾರೆ ಅಲ್ವಾ?

ಇನ್ನು ಹುಡುಕುವ ವಿಚಾರ. ಸಂಗ್ರಹಕ್ಕೊಂದು ವಿವರಣಾ ಪಟ್ಟಿ ಇರುತ್ತದೆ. ಅದು ಸಾಮಾನ್ಯವಾಗಿ ಪೆಟ್ಟಿಗೆ ಅಥವಾ ಫೈಲ್ ಮಟ್ಟಕ್ಕೇ ನಿಲ್ಲುತ್ತದೆ, ಒಂದೊಂದು ಹಾಳೆಯನ್ನೂ ಹೇಳುವುದಿಲ್ಲ. ಹಾಗಾಗಿ ಸುಮ್ನೆ ವಿಷಯದ ಹೆಸರು ಹಿಡಿದು ಹೊರಡಬೇಡಿ. ಆ ಕೆಲಸ ಆಗ ಯಾರ ಕೈಲಿತ್ತು, ಯಾರು ಯಾರಿಗೆ ಬರೆದಿರಬಹುದು ಅಂತ ಮೊದಲು ಯೋಚಿಸಿ, ಅವರ ಸಂಗ್ರಹದ ಪಟ್ಟಿ ಕೇಳಿ.