ಕಾಲಿಗೆ ಕಟ್ಟಿದ ಸೀರೆಯ ಹಗ್ಗ

(ಹೆಸರುಗಳನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಲಾಗಿದೆ.)

ಅಮರೇಶನಿಗೆ 15 ವರ್ಷ. ಆಟಿಸಂ (ಮಾತು, ಬೆರೆಯುವಿಕೆ, ನಡವಳಿಕೆಯ ಮೇಲೆ ಪರಿಣಾಮ ಬೀರುವ ಬೆಳವಣಿಗೆಯ ಸ್ಥಿತಿ) ಇದೆ, ಆಡುವ ಮಾತು ನಾಲ್ಕಾರು ಪದ. ಮನೆ ಇರುವುದು ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ಉಪಕಾಲುವೆಯಿಂದ ಕೂಗಳತೆಯ ದೂರದಲ್ಲಿ. ತಂದೆ ವರ್ಷದ ಬಹುಪಾಲು ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾರೆ. ತಾಯಿ ಶರಣಮ್ಮ ಭತ್ತದ ಗದ್ದೆಗೆ ನಾಟಿ, ಕಳೆ ಎಂದು ಕೂಲಿಗೆ ಹೋಗುವವರು. ಹೋಗುವ ಮುಂಚೆ ಮಗನ ಕಾಲನ್ನು ಮಂಚಕ್ಕೆ ಕಟ್ಟುತ್ತಿದ್ದರು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಅಧಿಕಾರಿಗಳು ಬಂದು ಹುಡುಗನನ್ನು, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ನಿರ್ಧರಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು. ಸಮಿತಿ ಅವನನ್ನು ಬಾಲಮಂದಿರಕ್ಕೆ, ಎಂದರೆ ಇಂಥ ಮಕ್ಕಳನ್ನು ಇರಿಸಿಕೊಳ್ಳುವ ವಸತಿ ಸಂಸ್ಥೆಗೆ, ಕಳುಹಿಸಿತು. ಅದಾದ ಮೇಲೆ ಗಂಡ, ಹೆಂಡತಿ, ಗಂಡನ ಅಣ್ಣ ಮೂವರೂ ಸಲಹೆ ಕೇಳಿ ನನ್ನ ಬಳಿ ಬಂದರು.

ತಂದೆಯ ಮೊದಲ ಮಾತು: ‘ನಮ್ಮ ಮಗ. ಕಟ್ಟುತ್ತೇವೆ, ಬಿಡುತ್ತೇವೆ. ಕೇಳಲು ಇವರು ಯಾರು?’ ಬೆಂಗಳೂರಿನಿಂದ ರಾತ್ರಿ ಬಸ್ ಹಿಡಿದು ಬಂದ ಮನುಷ್ಯ, ನಿದ್ದೆಗೆಟ್ಟ ಕಣ್ಣು. ಶಾಸಕರ ಕಡೆಯವರಿಂದ ಫೋನ್ ಮಾಡಿಸಬೇಕು ಎಂದು ಅವರ ಅಣ್ಣ. ಶರಣಮ್ಮ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಅಲ್ಲಿ ಅವನಿಗೆ ರೊಟ್ಟಿ ಕೊಡುತ್ತಾರಾ, ಮೇಡಂ?’ ಅಮರೇಶ ಜೋಳದ ರೊಟ್ಟಿ, ಮೊಸರು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಬಾಲಮಂದಿರದಲ್ಲಿ ಅನ್ನದ ತಟ್ಟೆಯನ್ನು ಮುಟ್ಟಿಯೂ ನೋಡಿರಲಿಲ್ಲ. ಮೊದಲು ಆ ಕೆಲಸ ಮಾಡಿದೆವು: ಅವನು ಏನು ತಿನ್ನುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಹಿಂದಿನಿಂದ ಬಂದು ಮುಟ್ಟಬಾರದು ಏಕೆ ಎಂದು ಒಂದು ಹಾಳೆಯಲ್ಲಿ ಬರೆದು ಮಂದಿರದ ಮೇಲ್ವಿಚಾರಕರಿಗೆ ಕೊಟ್ಟೆವು. ಮರುದಿನದಿಂದ ರೊಟ್ಟಿ ಸಿಕ್ಕಿತು. ಎಂಥ ಜಗಳದ ನಡುವೆಯೂ ಇಂಥ ಹಾಳೆಗೆ ಯಾರೂ ಬೇಡ ಎನ್ನುವುದಿಲ್ಲ.

ಆ ಹಗ್ಗದ ಬಗ್ಗೆ ಹೇಳಲೇಬೇಕು. ಹಳೆಯ ನೂಲಿನ ಸೀರೆಯನ್ನು ಹರಿದು ಹೊಸೆದದ್ದು. ಒಂದು ತುದಿ ಕಬ್ಬಿಣದ ಮಂಚದ ಕಾಲಿಗೆ, ಇನ್ನೊಂದು ಬಲಗಾಲಿನ ಹಿಮ್ಮಡಿಯ ಮೇಲೆ, ಗಂಟು ಅವನ ಕೈಗೆ ಸಿಗದಂತೆ ಹಿಂಬದಿಗೆ. ನೀರಿನ ಕೊಡ, ಬಚ್ಚಲು, ಅವನು ಸಾಲಾಗಿ ಜೋಡಿಸುವ ಬಾಟಲಿ ಮುಚ್ಚಳಗಳ ಡಬ್ಬಿ, ಇವಿಷ್ಟೂ ಎಟುಕಬೇಕು, ಹೊಸ್ತಿಲು ಮಾತ್ರ ಎಟುಕಬಾರದು ಎಂದು ತಾಯಿ ಅಳೆದು ಕಟ್ಟಿದ್ದರು. ಎರಡು ಬಾರಿ ಅವನನ್ನು ಕಾಲುವೆಯಿಂದ ಎಳೆದು ತಂದ ಮೇಲೆ ಶುರುವಾದ ಏರ್ಪಾಡು ಅದು. ಆಟಿಸಂ ಇರುವ ಹಲವು ಮಕ್ಕಳು ಮನೆಯಿಂದ ಸದ್ದಿಲ್ಲದೆ ಹೊರಟುಬಿಡುತ್ತಾರೆ, ನೀರು ಅವರನ್ನು ಸೆಳೆಯುತ್ತದೆ. ಇದು ತಾಯಿಯ ಕಲ್ಪನೆಯಲ್ಲ. ಆದರೆ ಕಾಲಿನಲ್ಲಿ ಆಳವಾದ ಗಾಯವೂ ಇತ್ತು, ಕೀವೂ ಆಗಿತ್ತು. ಸಮಿತಿ ಕಂಡದ್ದು ಆ ಗಾಯವನ್ನು. ಎರಡೂ ನಿಜ.

ಹಾಗಾಗಿ ‘ಕಟ್ಟಿಯೇ ಇಲ್ಲ ಎಂದು ಹೇಳಿಬಿಡು’ ಎಂಬ ನೆಂಟರ ಸಲಹೆಯನ್ನು ನಾನು ನೇರವಾಗಿ ತಳ್ಳಿಹಾಕಿದೆ. ಗಾಯ ಕಣ್ಣೆದುರಿಗಿರುವಾಗ ಸುಳ್ಳು ಹೇಳಿದರೆ ಆಮೇಲೆ ಹೇಳುವ ಯಾವ ನಿಜಕ್ಕೂ ಬೆಲೆ ಬರುವುದಿಲ್ಲ. ಆದರೆ ಒಬ್ಬರೇ ಹೋಗಿ ಎಲ್ಲವನ್ನೂ ಒಪ್ಪಿಕೊಂಡು ಬರುವುದೂ ಬೇಡ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಕ್ಕಳ ಮೇಲಿನ ಕ್ರೌರ್ಯವನ್ನು ಅಪರಾಧ ಎನ್ನುತ್ತದೆ. ಮೊದಲು ವಕೀಲರು. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿಯೇ ವಕೀಲರು ಸಿಗುತ್ತಾರೆ. ಶಾಸಕರ ಫೋನಿನ ಮಾತನ್ನು ಅಲ್ಲಿಗೇ ಬಿಡಿಸಿದೆ. ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಅಲ್ಲಿ ಕೂಗಾಡಿದರೆ, ಮನೆಯಲ್ಲೂ ಈ ಮನುಷ್ಯ ಹೀಗೆಯೇ ಇರಬೇಕು ಎಂದುಕೊಳ್ಳುತ್ತಾರೆ.

ತಂದೆ ಇನ್ನೊಂದು ಅಸ್ತ್ರ ಹಿಡಿದು ಬಂದರು. ಯಾರೋ ಹೇಳಿದ್ದರಂತೆ: ಅಂಗವಿಕಲ ಮಗುವನ್ನು ತಂದೆತಾಯಿಯಿಂದ ಬೇರೆ ಮಾಡುವಂತಿಲ್ಲ ಎಂದು ಕಾನೂನಿದೆ. ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 9ನೇ ಕಲಂ. ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ಬೇರ್ಪಡಿಸಬಾರದು. ಮಗುವಿನ ಹಿತಕ್ಕೆ ಅಗತ್ಯವಾದರೆ ಸಕ್ಷಮ ನ್ಯಾಯಾಲಯದ ಆದೇಶ ಬೇಕು. ಆದರೆ ಇಲ್ಲಿ ಸಮಿತಿ ಕೊಟ್ಟ ಕಾರಣ ಆಟಿಸಂ ಅಲ್ಲ, ಗಾಯ. ಆ ವ್ಯತ್ಯಾಸ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ, ಅದನ್ನು ಅವರಿಗೂ ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಬಾಲನ್ಯಾಯ ಕಾಯ್ದೆಯದೇ ತತ್ವ: ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ಮಾರ್ಗ. ಹಾಗಿದ್ದರೆ ಸಮಿತಿಗೆ ಬೇರೆ ಮಾರ್ಗವನ್ನು ನಾವು ತೋರಿಸಬೇಕು. ‘ನಾನು ಹೆತ್ತ ತಾಯಿ’ ಎಂದು ಅತ್ತರೆ ಮಾರ್ಗ ತೋರಿಸಿದಂತಾಗುವುದಿಲ್ಲ. ನಾಳೆ ಬೆಳಿಗ್ಗೆ ನೀವು ಕಳೆ ಕೀಳಲು ಹೋದಾಗ ಹಗ್ಗದ ಬದಲು ಏನಿರುತ್ತದೆ? ಅವರು ಕೇಳುವುದು ಇದನ್ನೇ, ನಾವು ಉತ್ತರಿಸಬೇಕಾದದ್ದೂ ಇದಕ್ಕೇ.

ಉತ್ತರ ಹುಡುಕಲು, ಅವನು ಓಡಿದ ದಿನಗಳನ್ನು ನೆನಪಿಸಿಕೊಳ್ಳಲು ಹೇಳಿದೆ. ಹೊತ್ತುಗೊತ್ತಿಲ್ಲ, ಒಮ್ಮೆ ಬೆಳಿಗ್ಗೆ, ಒಮ್ಮೆ ಇಳಿಹೊತ್ತು ಎಂದರು. ಕಡೆಯ ಸಲ ಓಡಿದ್ದನ್ನು ಹೇಳುವಾಗ ‘ಆ ವಾರ ಕರೆಂಟ್ ಬೆಳಿಗ್ಗೆ ಇತ್ತು, ಜೋಳ ಬೀಸಿಸಲು ಹೋಗಿದ್ದೆ’ ಎಂದು ಮಾತು ಜಾರಿ ಬಂತು. ಮನೆಯ ಹಿಂದೆಯೇ ಹಿಟ್ಟಿನ ಗಿರಣಿ. ತ್ರೀಫೇಸ್ ವಿದ್ಯುತ್ ಬಂದಾಗ ಮಾತ್ರ ಅದು ಓಡುತ್ತದೆ, ಆ ವೇಳೆಯೋ ಪಾಳಿಯಂತೆ ಬದಲಾಗುತ್ತಿರುತ್ತದೆ. ಗಿರಣಿಯ ಸದ್ದಿಗೆ ಹುಡುಗ ಓಡುತ್ತಿದ್ದ, ಸದ್ದಿನ ಹೊತ್ತೇ ಬದಲಾಗುತ್ತಿದ್ದುದರಿಂದ ಯಾರಿಗೂ ತಾಳೆ ಸಿಗಲಿಲ್ಲ. ಬೇರೆ ದಿನಗಳನ್ನೂ ತಾಳೆ ನೋಡಿದೆವು. ಒಂದೆರಡು ಬಿಟ್ಟರೆ ಎಲ್ಲವೂ ಕೂಡಿದವು.

ಹಣೆಯ ಗಾಯದ ಕಥೆ ಬೇರೆ. ಹಣೆಯಲ್ಲಿ ಹಳೆಯ, ಹೊಸ ಬಾವುಗಳು. ವರದಿಯಲ್ಲಿ ‘ಹೊಡೆತದ ಗುರುತು’ ಎಂದಿತ್ತು. ಅವನು ತಾನೇ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದ, ಕೆಲವು ತಿಂಗಳಿಂದ ಅದು ಹೆಚ್ಚಾಗಿತ್ತು. ಮಾತಿಲ್ಲದ ಹದಿಹರೆಯದ ಮಗು ಏಕಾಏಕಿ ತನ್ನನ್ನು ತಾನೇ ಹೊಡೆದುಕೊಳ್ಳಲು ಶುರುಮಾಡಿದರೆ ಮೊದಲು ನೋವನ್ನು ಹುಡುಕಬೇಕು: ಹಲ್ಲು, ಕಿವಿ, ಮಲಬದ್ಧತೆ. ಆಟಿಸಂ ಇರುವವರಲ್ಲಿ ಫಿಟ್ಸ್ ಈ ವಯಸ್ಸಿನಲ್ಲೂ ಶುರುವಾಗಬಹುದು ಎಂಬುದನ್ನು ಮರೆಯಬಾರದು. ಸಮಿತಿಯ ಅನುಮತಿ ಪಡೆದು ವೈದ್ಯಕೀಯ ತಪಾಸಣೆ ಮಾಡಿಸಿದಾಗ ಕೆಳದವಡೆಯ ಒಂದು ಹಲ್ಲು ಬುಡದವರೆಗೆ ಹುಳುಕಾಗಿತ್ತು. ಹಲ್ಲು ಕೀಳಿಸಿದ ಮೇಲೆ ಬಡಿದುಕೊಳ್ಳುವುದು ಬಹಳ ಮಟ್ಟಿಗೆ ನಿಂತಿತು. ಆ ವೈದ್ಯರ ಚೀಟಿ ನಮ್ಮ ಕಡತದ ಅತ್ಯಂತ ಗಟ್ಟಿ ಕಾಗದವಾಯಿತು. ಅವನ ಹಳೆಯ ಪ್ರಮಾಣಪತ್ರದಲ್ಲಿ ಬುದ್ಧಿಮಾಂದ್ಯತೆ ಎಂದಷ್ಟೇ ಇತ್ತು. ಆಟಿಸಂ ಮೌಲ್ಯಮಾಪನ ಮಾಡಿಸಿ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್‌ಗೆ ಅರ್ಜಿ ಹಾಕಿಸಿದೆವು.

ಸಮಿತಿಗೆ ಕೊಟ್ಟ ಯೋಜನೆ ಒಂದೂವರೆ ಪುಟ, ಕನ್ನಡದಲ್ಲಿ, ಶರಣಮ್ಮನವರ ಮಾತಿನಲ್ಲೇ. ಹಗ್ಗ ಮತ್ತೆ ಇಲ್ಲ. ಬಾಗಿಲಿಗೆ ಎತ್ತರದಲ್ಲಿ ಚಿಲಕ, ಅದಕ್ಕೊಂದು ಗಂಟೆ; ಒಳಗೆ ಯಾರಾದರೂ ಇದ್ದಾಗ ಮಾತ್ರ ಚಿಲಕ ಹಾಕುವುದು. ಗಿರಣಿ ಓಡುವಾಗ ಅವನು ಬೀದಿ ಕಡೆಯ ಕೋಣೆಯಲ್ಲಿ, ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು. ನೀರಿನ ಆಸೆಗೆ ಅಂಗಳದಲ್ಲಿ ದೊಡ್ಡ ಬಾನಿ, ದಿನಾ ಒಂದೇ ಹೊತ್ತಿಗೆ, ತಾಯಿ ಎದುರಿಗೇ ಕೂತು. ಅಂಗಿಯ ಒಳಗೆ ಹೊಲಿದ ಫೋನ್ ನಂಬರು. ಕಾಲುವೆ ನೋಡಿಕೊಳ್ಳುವ ನೀರುಗಂಟಿಗೂ ದಂಡೆಯ ಚಹಾದಂಗಡಿಯವರಿಗೂ ಹುಡುಗನ ಫೋಟೊ. ಕೂಲಿಯ ದಿನ ಶರಣಮ್ಮನವರ ಅತ್ತೆ ಮನೆಯಲ್ಲಿ ಅವನ ಜೊತೆಗಿರುವುದು; ಅತ್ತೆಗೆ ಆಗದ ದಿನ ಕೂಲಿ ಇಲ್ಲ. ಆ ದಿನದ ಕೂಲಿಯ ನಷ್ಟವನ್ನು ತಂದೆ ಕಳುಹಿಸಬೇಕು ಎಂದು ಬರೆಸಿದ್ದು ನಾನೇ, ತಂದೆಯ ಸಹಿಯೊಂದಿಗೆ. ಇಡೀ ಯೋಜನೆಯಲ್ಲಿ ತಂದೆ ಅತಿ ಹೆಚ್ಚು ತಕರಾರು ಮಾಡಿದ ಸಾಲು ಇದು. ಮಗ ನಮ್ಮವನು ಎಂದ ಮೇಲೆ ಖರ್ಚೂ ನಮ್ಮದೇ ಅಲ್ಲವೇ ಎಂದು ಹೆಂಡತಿ ಮೆಲ್ಲಗೆ ಕೇಳಿದರು. ಸಹಿ ಬಿತ್ತು.

ವಿಚಾರಣೆ ಮುಗಿಸಲು ಕಾಯ್ದೆ ಸಮಿತಿಗೆ ನಾಲ್ಕು ತಿಂಗಳು ಕೊಡುತ್ತದೆ. ಇಲ್ಲಿ ಅಷ್ಟು ಹಿಡಿಯಲಿಲ್ಲ. ಅಮರೇಶನನ್ನು ತಾಯಿಯ ವಶಕ್ಕೆ ಕೊಟ್ಟು, ಮಕ್ಕಳ ರಕ್ಷಣಾ ಘಟಕದವರು ಆಗಾಗ ಮನೆಗೆ ಬಂದು ನೋಡಬೇಕು ಎಂದು ಆದೇಶವಾಯಿತು. ಹಾಗಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ ಎಂದು ವಕೀಲರು ಮೊದಲೇ ಹೇಳಿಟ್ಟಿದ್ದರು. ಮನೆಗೆ ಬರುವವರನ್ನು ಪೊಲೀಸರಂತೆ ಕಾಣಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ ಎಂದು ಹೇಳಿದ್ದೇನೆ: ಓಡಿದ ದಿನ, ಗಿರಣಿ ಓಡಿದ ಹೊತ್ತು, ನಿದ್ದೆ ಬಾರದ ರಾತ್ರಿ. ಓಡಿದ ದಿನವನ್ನು ಮುಚ್ಚಿಡುವುದು ಬೇಡ.

ಪಕ್ಕದ ಮನೆಯವರೇ ಕರೆ ಮಾಡಿದ್ದು ಎಂಬ ಅನುಮಾನದಿಂದ ಶರಣಮ್ಮ ಅವರೊಂದಿಗೆ ಮಾತು ಬಿಟ್ಟಿದ್ದಾರೆ. ಕರೆ ಮಾಡಿದವರು ಯಾರೇ ಆಗಲಿ, ತಪ್ಪು ಮಾಡಲಿಲ್ಲ ಎಂದೇ ನನ್ನ ನಿಲುವು. ಆದರೆ ಅದನ್ನು ಶರಣಮ್ಮನವರಿಂದ ಒಪ್ಪಿಸುವ ಕೆಲಸಕ್ಕೆ ನಾನು ಹೋಗಿಲ್ಲ. ಸದ್ಯದ ಕೆಲಸ ಬೇರೆ ಇದೆ. ತಾಲ್ಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರಿಂದ ಮನೆಯಲ್ಲೇ ಪಾಠ ಶುರುಮಾಡಿಸಬೇಕು. 18 ತುಂಬಿದ ಮೇಲೆ ಸಮಿತಿಯ ಮಾತು ಮುಗಿಯುತ್ತದೆ, ತಂದೆತಾಯಿಯ ಸಹಜ ಪಾಲಕತ್ವವೂ ಮುಗಿಯುತ್ತದೆ. ಆಗ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕತ್ವಕ್ಕಾಗಿ ಅರ್ಜಿ ಹಾಕಬೇಕು. ಅದಕ್ಕೆ ಬೇಕಾದ ಕಾಗದಗಳನ್ನು ಈಗಿನಿಂದಲೇ ಒಂದು ಚೀಲದಲ್ಲಿ ಕೂಡಿಡಲು ಹೇಳಿದ್ದೇನೆ. ಹಲ್ಲಿನ ವೈದ್ಯರ ಚೀಟಿಯೂ ಅದರಲ್ಲೇ ಇರಲಿ.